ಕಮಾನಿನ ಆಚೆಗೆ: ಯಾವ ಊರಿನ ಚೈನಾಟೌನ್, ಯಾವ ಹೊತ್ತಿಗೆ?

ಹೊರದೇಶಕ್ಕೆ ಹೋಗಿ ಬಂದವರ ಫೋನಿನಲ್ಲಿ ಒಂದು ಕಮಾನಿನ ಫೋಟೊ ಇದ್ದೇ ಇರುತ್ತದೆ. ಕೆಂಪು ಕಂಬ, ಹೆಂಚಿನ ಮಾಡು, ಮೇಲೆ ಚೀನೀ ಅಕ್ಷರ. ಅದರ ಕೆಳಗೆ ನಿಂತು ಒಂದು ಚಿತ್ರ, ಪಕ್ಕದ ಹೋಟೆಲಲ್ಲಿ ಒಂದು ಪ್ಲೇಟ್ ನೂಡಲ್ಸ್, ಅಲ್ಲಿಗೆ ಮುಗೀತು. ಆಮೇಲೆ ಅವರೇ ಹೇಳುತ್ತಾರೆ: ‘ಚೈನಾಟೌನ್ ಅಂದ್ರೆ ಎಲ್ಲ ಕಡೆ ಒಂದೇ. ಒಂದು ನೋಡಿದರೆ ಸಾಕು.’

ನಾನು ಇದನ್ನು ಒಪ್ಪುವುದಿಲ್ಲ. ಕೋಲ್ಕತ್ತಾದ ಹಳೆಯ ಚೀನೀ ಕೇರಿಯ ಸಂತೆ ಬೆಳಿಗ್ಗೆ ಎಂಟರ ಹೊತ್ತಿಗೆ ಎದ್ದುಹೋಗುತ್ತದೆ. ಬ್ಯಾಂಕಾಕಿನದು ಸಂಜೆ ಆರರ ಮೇಲೆ ಕಣ್ಣು ಬಿಡುತ್ತದೆ. ಸಿಂಗಪುರದ ಚೈನಾಟೌನಿನ ನಟ್ಟನಡುವೆ ಮಾರಿಯಮ್ಮನ ಗುಡಿ ಇದೆ. ಸ್ಯಾನ್ ಫ್ರಾನ್ಸಿಸ್ಕೊದ ಚೈನಾಟೌನನ್ನು ಕಟ್ಟಿದ್ದು ‘ಇಲ್ಲಿಂದ ಎದ್ದು ಹೋಗಿ’ ಅಂದವರ ಎದುರು ಹಟ ಹಿಡಿದು ಕೂತ ಜನ. ಇವೆಲ್ಲ ಒಂದೇ ಅನ್ನುವುದು, ಬೆಂಗಳೂರಿನ ಚಿಕ್ಕಪೇಟೆಯೂ ಉಡುಪಿಯ ರಥಬೀದಿಯೂ ಒಂದೇ ಅಂದ ಹಾಗೆ.

ಎಲ್ಲವನ್ನೂ ನೋಡಲು ನಮ್ಮಲ್ಲಿ ಯಾರಿಗೂ ಆಗುವುದಿಲ್ಲ. ಒಂದೋ ಎರಡೋ ಆರಿಸಿಕೊಳ್ಳಬೇಕು. ಹಾಗೆ ಆರಿಸಿಕೊಳ್ಳುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನನ್ನ ಅಳತೆಗೋಲು ಏನೆಂದು ಮೊದಲೇ ಹೇಳಿಬಿಡುತ್ತೇನೆ. ನಾನು ಕಮಾನು ನೋಡುವುದಿಲ್ಲ, ಸೊಪ್ಪಿನ ಅಂಗಡಿ ನೋಡುತ್ತೇನೆ. ಒಬ್ಬ ಅಜ್ಜಿ ಚೀಲ ಹಿಡಿದು ಬಂದು, ಸೊಪ್ಪಿನ ಕಟ್ಟನ್ನು ತಿರುಗಿಸಿ ಬೇರು ನೋಡಿ, ಬೆಲೆಗೆ ಚೌಕಾಸಿ ಮಾಡುತ್ತಿದ್ದಾರೆ ಅಂದರೆ ಆ ಕೇರಿಯಲ್ಲಿ ಮನೆಗಳಿವೆ, ಒಲೆ ಉರಿಯುತ್ತಿದೆ. ಬರೀ ಫ್ರಿಜ್ ಮ್ಯಾಗ್ನೆಟ್ ಮಾರುವ ಅಂಗಡಿಗಳೇ ಇದ್ದರೆ ಅಲ್ಲಿ ಒಂದು ಗಂಟೆಗಿಂತ ಜಾಸ್ತಿ ಇರುವ ಅಗತ್ಯವಿಲ್ಲ. ಇದರ ಜೊತೆಗೆ ಮೂರು ಪ್ರಶ್ನೆ ಕೇಳಿಕೊಳ್ಳಿ. ನಿಮ್ಮ ಹತ್ತಿರ ದಿನದ ಯಾವ ಹೊತ್ತು ಇದೆ? ಜೊತೆಗೆ ಯಾರಿದ್ದಾರೆ? ಮಾಂಸ ತಿನ್ನುತ್ತೀರಾ, ಇಲ್ಲವಾ? ಈ ಮೂರಕ್ಕೆ ಉತ್ತರ ಸಿಕ್ಕರೆ ಅರ್ಧ ಆಯ್ಕೆ ಅಲ್ಲೇ ಮುಗಿಯುತ್ತದೆ.

ಹತ್ತಿರದ್ದು, ವೀಸಾ ಬೇಡದ್ದು: ಕೋಲ್ಕತ್ತಾ

ಬೆಂಗಳೂರಿನಿಂದ ಎರಡೂವರೆ ಗಂಟೆಯ ವಿಮಾನ. ಆದರೂ ನಮ್ಮವರು ಸಿಂಗಪುರದ ಚೈನಾಟೌನ್ ನೋಡಿರುತ್ತಾರೆ, ಇದನ್ನು ನೋಡಿರುವುದಿಲ್ಲ. ಇಲ್ಲಿ ಒಂದಲ್ಲ, ಎರಡು ಚೀನೀ ಕೇರಿಗಳಿವೆ. ಊರ ನಡುವೆ ಲಾಲ್‌ಬಜಾರಿನ ಪೊಲೀಸ್ ಕಚೇರಿಯ ಹತ್ತಿರ ಇರುವುದು ತಿರೆಟ್ಟಾ ಬಜಾರ್. ಊರ ಪೂರ್ವಕ್ಕೆ ಇರುವುದು ಟ್ಯಾಂಗ್ರಾ.

ಕತೆ ಶುರುವಾಗುವುದು 1770ರ ದಶಕದ ಕೊನೆಯಲ್ಲಿ. ಟಾಂಗ್ ಅಚ್ಯೂ ಎಂಬ ಚೀನೀ ವ್ಯಾಪಾರಿಗೆ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್ ಹೂಗ್ಲಿ ನದಿಯ ದಂಡೆಯಲ್ಲಿ ಜಮೀನು ಕೊಟ್ಟ. ಅಚ್ಯೂ ಅಲ್ಲಿ ಕಬ್ಬು ಬೆಳೆದು ಸಕ್ಕರೆ ಗಿರಣಿ ಹಾಕಿದ, ಚೀನಾದಿಂದ ಕೆಲಸಗಾರರನ್ನು ಕರೆಸಿದ. ಆ ಊರಿಗೆ ಈಗಲೂ ಅಚ್ಚಿಪುರ ಅಂತಲೇ ಹೆಸರು. ನದಿಯ ಪಕ್ಕ ಅವನ ಸಮಾಧಿ ಇದೆ, ಕುದುರೆ ಲಾಳದ ಆಕಾರ, ಕೆಂಪು ಬಣ್ಣ. ಚೀನೀ ಹೊಸ ವರ್ಷದ ನಂತರ ಕೋಲ್ಕತ್ತಾದ ಚೀನೀ ಕುಟುಂಬಗಳು ಅಲ್ಲಿಗೆ ಹೋಗಿ ಊದುಬತ್ತಿ ಹಚ್ಚಿ ಬರುತ್ತವೆ. ಇನ್ನೂರು ವರ್ಷಕ್ಕಿಂತ ಹಿಂದೆ ಬಂದ ಮೊದಲ ಅಜ್ಜನನ್ನು ಇವತ್ತಿಗೂ ಮರೆತಿಲ್ಲ. ನನಗೆ ಇದು ತುಂಬ ದೊಡ್ಡ ವಿಷಯ.

ಆಮೇಲೆ ಬಂದವರು ಒಂದೊಂದು ಗುಂಪು ಒಂದೊಂದು ಕಸುಬು ಹಿಡಿದರು. ಕ್ಯಾಂಟನ್ ಕಡೆಯವರು ಮರಗೆಲಸ. ಹುಬೇ ಕಡೆಯವರು ಹಲ್ಲಿನ ವೈದ್ಯ. ಹಕ್ಕಾ ಜನ ಚರ್ಮ ಹದ ಮಾಡುವುದು, ಚಪ್ಪಲಿ ಹೊಲಿಯುವುದು. ನಮ್ಮೂರಿನ ತಳ್ಳುಗಾಡಿಯ ಬೋರ್ಡಿನಲ್ಲಿ ‘ಹಕ್ಕಾ ನೂಡಲ್ಸ್’ ಅಂತ ಇರುತ್ತದಲ್ವಾ, ಆ ಹಕ್ಕಾ ಇವರೇ. ಕೋಲ್ಕತ್ತಾದಲ್ಲಿ ಹುಟ್ಟಿ ಮುಂಬೈಗೆ ಹೋದ ನೆಲ್ಸನ್ ವಾಂಗ್ 1970ರ ದಶಕದಲ್ಲಿ ಮೊದಲ ಮಂಚೂರಿಯನ್ ಮಾಡಿದರು ಎಂದು ಹೇಳುತ್ತಾರೆ. ಅದು ಕೋಳಿಯದು. ಕೋಳಿಯ ಜಾಗಕ್ಕೆ ಹೂಕೋಸು ಬಂದು, ಕರ್ನಾಟಕದ ಒಂದೊಂದು ಬಸ್‌ಸ್ಟ್ಯಾಂಡಿಗೂ ಗೋಬಿ ಮಂಚೂರಿ ಬಂತು. 2024ರಲ್ಲಿ ನಮ್ಮ ಸರ್ಕಾರ ಅದಕ್ಕೆ ಕೃತಕ ಬಣ್ಣ ಹಾಕಬಾರದೆಂದು ಆದೇಶ ಮಾಡಬೇಕಾಯಿತು. ಅಷ್ಟು ನಮ್ಮದಾಗಿಬಿಟ್ಟಿದೆ ಆ ತಿಂಡಿ. ಅದರ ತವರನ್ನು ಒಮ್ಮೆ ನೋಡಿ ಬರುವುದು ಬೇಡವಾ?

ತಿರೆಟ್ಟಾ ಬಜಾರಿನ ವಿಷಯದಲ್ಲಿ ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಮೊದಲ ಸಲ ಹೋದಾಗ ಹೋಟೆಲಿನ ತಿಂಡಿ ಮುಗಿಸಿ, ಆರಾಮಾಗಿ ಒಂಬತ್ತೂವರೆಗೆ ತಲುಪಿದೆ. ಬೀದಿಯಲ್ಲಿ ಏನೂ ಇರಲಿಲ್ಲ. ಪಾರ್ಕ್ ಮಾಡಿದ ಕಾರುಗಳು, ಸೊಪ್ಪಿನ ನಾಲ್ಕು ಎಲೆ, ಅಷ್ಟೆ. ಅಲ್ಲಿದ್ದ ಟೀ ಅಂಗಡಿಯವರು ಹಿಂದಿಯಲ್ಲಿ ಹೇಳಿದರು: ‘ದೀದಿ, ಆರಕ್ಕೆ ಬರಬೇಕಿತ್ತು.’ ಆ ಸಲದ ಪ್ರಯಾಣದಲ್ಲಿ ಇನ್ನೊಂದು ಬೆಳಗ್ಗೆ ಉಳಿದಿರಲಿಲ್ಲ. ಮತ್ತೆ ಹೋಗಲು ವರ್ಷಗಳೇ ಬೇಕಾದವು.

ಎರಡನೇ ಸಲ ಭಾನುವಾರ, ಬೆಳಿಗ್ಗೆ ಆರಕ್ಕೆ ಮುಂಚೆ ಹೋದೆ. ಪೊದ್ದಾರ್ ಕೋರ್ಟ್ ಕಟ್ಟಡದ ಪಕ್ಕ, ರಸ್ತೆಯ ಅಂಚಿನಲ್ಲಿ ಅಲ್ಯೂಮಿನಿಯಂ ಪಾತ್ರೆಗಳಿಂದ ಹಬೆ ಏಳುತ್ತಿತ್ತು. ಮೀನಿನ ಉಂಡೆಯ ಸೂಪು, ಬಿಳಿ ಬಾವ್, ಮೊಮೊ, ಹಂದಿ ಮಾಂಸದ ಸಾಸೇಜು. ವಯಸ್ಸಾದವರು ಪೇಪರ್ ಹಿಡಿದು ನಿಂತು, ಬಂಗಾಳಿ ಬೆರೆಸಿದ ಹಿಂದಿಯಲ್ಲಿ ಮಾತಾಡುತ್ತ ತಿನ್ನುತ್ತಿದ್ದರು. ಪಕ್ಕದ ಗಲ್ಲಿಗಳಲ್ಲಿ ಚೀನೀ ಗುಡಿಗಳಿವೆ. ಅವುಗಳನ್ನು ಅಲ್ಲಿ ‘ಚರ್ಚ್’ ಅಂತ ಕರೆಯುತ್ತಾರೆ. ಸೀ ಇಪ್ ಚರ್ಚ್, ಟೂಂಗ್ ಆನ್ ಚರ್ಚ್. ಹೆಸರು ಕೇಳಿ ಶಿಲುಬೆ ಹುಡುಕಬೇಡಿ. ಒಳಗೆ ಕರುಣೆಯ ದೇವಿ ಕ್ವಾನ್ ಯಿನ್ ಇದ್ದಾಳೆ, ಯುದ್ಧವೀರ ಕ್ವಾನ್ ತಿ ಇದ್ದಾನೆ. ಮೇಲಿನ ಮಹಡಿಗೆ ಹತ್ತುವಾಗ ಮರದ ಮೆಟ್ಟಿಲು ಕಿರ್ ಅನ್ನುತ್ತದೆ.

ಟ್ಯಾಂಗ್ರಾಕ್ಕೆ ಸಂಜೆ ಹೋಗಿ. ಅಲ್ಲಿದ್ದ ಚರ್ಮದ ಕಾರ್ಖಾನೆಗಳನ್ನು ಕೋರ್ಟಿನ ಆದೇಶದ ಮೇಲೆ ಊರ ಹೊರಗೆ ಬಂತಲಾಕ್ಕೆ ಸಾಗಿಸಿದರು. ಈಗ ಉಳಿದಿರುವುದು ಎತ್ತರದ ಗೋಡೆಗಳು, ದೊಡ್ಡ ಗೇಟುಗಳು, ಅವುಗಳ ಹಿಂದೆ ಹೋಟೆಲುಗಳು. ಅಲ್ಲಿ ಒಂದು ಕಾಳಿ ಗುಡಿಯೂ ಇದೆ. ಮರದ ಕೆಳಗೆ ಕುಂಕುಮ ಹಚ್ಚಿದ ಕಲ್ಲುಗಳಿಗೆ ಚೀನೀ ಮನೆಯವರೂ ಕೈಮುಗಿಯುತ್ತಿದ್ದರು, ಅದೇ ಮುಂದೆ ಗುಡಿಯಾಯಿತು. ದೇವಿಗೆ ನೂಡಲ್ಸ್ ನೈವೇದ್ಯವಾಗುತ್ತದೆ.

ಒಂದು ನೋವಿನ ವಿಷಯ ಗೊತ್ತಿಲ್ಲದೆ ಈ ಕೇರಿಗೆ ಹೋಗಬಾರದು ಅನ್ನುವುದು ನನ್ನ ಅಭಿಪ್ರಾಯ. 1962ರ ಯುದ್ಧದ ಸಮಯದಲ್ಲಿ ಚೀನೀ ಮೂಲದ ಸುಮಾರು 3,000 ಜನರನ್ನು ರಾಜಸ್ಥಾನದ ದೇವಲಿ ಶಿಬಿರದಲ್ಲಿ ಕೂಡಿಹಾಕಿದರು. ಮಕ್ಕಳು, ಮುದುಕರು, ಎಲ್ಲರನ್ನೂ. ಅದರಲ್ಲಿ ಬಹಳ ಜನ ಅಸ್ಸಾಮಿನವರು. ಇಲ್ಲೇ ಹುಟ್ಟಿ ಬೆಳೆದವರು. ಕೆಲವರು ವರ್ಷಗಟ್ಟಲೆ ಅಲ್ಲೇ ಇದ್ದರು. ಹೊರಬಂದಮೇಲೆ ಎಷ್ಟೋ ಮಂದಿ ಕೆನಡಾ ಕಡೆ ಹೊರಟುಹೋದರು. ಕೇರಿ ಯಾಕೆ ಖಾಲಿ ಖಾಲಿ ಅನಿಸುತ್ತದೆ ಅನ್ನುವುದಕ್ಕೆ ಅರ್ಧ ಉತ್ತರ ಇದರಲ್ಲಿದೆ. ತಿರೆಟ್ಟಾದಲ್ಲಿ ಒಬ್ಬ ಅಜ್ಜಿಯ ಫೋಟೊ ತೆಗೆಯುವ ಮುಂಚೆ ಕೇಳಿ ತೆಗೆಯಿರಿ. ‘ನೀವು ಯಾವ ದೇಶದವರು’ ಅಂತ ಮಾತ್ರ ಕೇಳಬೇಡಿ.

ಚೆಂದಕ್ಕೆ, ಸೌಕರ್ಯಕ್ಕೆ ಹೋಗುವವರಿಗೆ ಕೋಲ್ಕತ್ತಾ ಹಿಡಿಸದೇ ಇರಬಹುದು. ಅಲ್ಲಿ ಧೂಳಿದೆ, ಗೋಡೆ ಕುಸಿದಿದೆ. ವಯಸ್ಸಾದವರನ್ನು ಅಷ್ಟು ಬೆಳಿಗ್ಗೆ ಹೊರಡಿಸುವುದೂ ಕಷ್ಟ. ಆದರೆ ನನ್ನ ಪಟ್ಟಿಯಲ್ಲಿ ಮೊದಲ ಸ್ಥಾನ ಇದಕ್ಕೇ. ಇದು ನಮ್ಮದೇ ದೇಶದ ಕತೆ.

ಸಿಂಗಪುರವೋ, ಬ್ಯಾಂಕಾಕೋ?

ಇದು ನನ್ನನ್ನು ಅತಿ ಹೆಚ್ಚು ಜನ ಕೇಳುವ ಪ್ರಶ್ನೆ. ನೇರವಾಗಿ ಹೇಳುತ್ತೇನೆ. ಅಪ್ಪ ಅಮ್ಮನನ್ನೋ ಚಿಕ್ಕ ಮಕ್ಕಳನ್ನೋ ಕರೆದುಕೊಂಡು ಹೋಗುತ್ತಿದ್ದರೆ ಸಿಂಗಪುರ. ಸ್ನೇಹಿತರ ಜೊತೆ, ರಾತ್ರಿ ಸುತ್ತಿ ತಿನ್ನುವ ಮನಸ್ಸಿದ್ದರೆ ಬ್ಯಾಂಕಾಕ್.

ಸಿಂಗಪುರದಲ್ಲಿ ಎಲ್ಲವೂ ಹತ್ತಿರ ಹತ್ತಿರ. ಮೆಟ್ರೊದಿಂದ ಮೇಲೆ ಬಂದರೆ ಪಗೋಡ ಸ್ಟ್ರೀಟ್. ಪಗೋಡ ಅಂದರೆ ಚೀನೀ ಗೋಪುರ ಅಂದುಕೊಂಡಿದ್ದೆ. ಅಲ್ಲ. ಆ ಬೀದಿಯ ತುದಿಯಲ್ಲಿರುವ ಶ್ರೀ ಮಾರಿಯಮ್ಮನ್ ದೇವಸ್ಥಾನದ ಗೋಪುರದಿಂದ ಬಂದ ಹೆಸರು ಅದು. 1827ರಲ್ಲಿ ನಾರಾಯಣ ಪಿಳ್ಳೈ ಅನ್ನುವವರು ಮರ ಮತ್ತು ಗರಿಯಿಂದ ಕಟ್ಟಿಸಿದ್ದು, ಸಿಂಗಪುರದ ಅತಿ ಹಳೆಯ ಹಿಂದೂ ಗುಡಿ. ಗುಡಿಯ ಮುಂದಿನ ರಸ್ತೆಯಲ್ಲೇ ಕೆಲವು ಹೆಜ್ಜೆ ಆಚೆ, ತಮಿಳು ಮುಸ್ಲಿಮರ ಜಾಮೆ ಮಸೀದಿ. ಇನ್ನೂ ಸ್ವಲ್ಪ ಮುಂದೆ 2007ರಲ್ಲಿ ತೆರೆದ ಬುದ್ಧನ ದಂತದ ದೇವಾಲಯ. ನಮ್ಮ ಅಮ್ಮ ಮಾರಿಯಮ್ಮನ ಎದುರು ನಿಂತು, ‘ನೋಡೇ, ಇಷ್ಟು ದೂರ ಬಂದೂ ನಮ್ಮಮ್ಮನೇ ಮೊದಲು ಸಿಕ್ಕಿದ್ಲು ಕಣೇ’ ಅಂದರು. ದೀಪಾವಳಿಗೆ ಸ್ವಲ್ಪ ಮುಂಚೆ ಇಲ್ಲಿ ಕೊಂಡ ಹಾಯುತ್ತಾರೆ.

ಈ ಕೇರಿಗೆ ಚೀನೀ ಭಾಷೆಯಲ್ಲಿ ‘ನ್ಯೂ ಚ ಶ್ವೇ’ ಎಂದು ಹೆಸರು. ಎತ್ತಿನ ಗಾಡಿ ನೀರು ಅಂತ ಅರ್ಥ. ಹಿಂದೆ ಎತ್ತಿನ ಗಾಡಿಯಲ್ಲಿ ಇಲ್ಲಿಗೆ ನೀರು ತರುತ್ತಿದ್ದರು. ಹೆಸರಲ್ಲಿ ಚೀನಾವೂ ಇಲ್ಲ, ಟೌನೂ ಇಲ್ಲ. ಹೊರಗಿನವರು ಇಟ್ಟ ಹೆಸರಿಗೂ ಒಳಗಿನವರು ಕರೆಯುವ ಹೆಸರಿಗೂ ಎಷ್ಟು ದೂರ ನೋಡಿ.

ಅಲ್ಲಿಂದ ಹತ್ತು ನಿಮಿಷ ನಡೆದರೆ ತೆಲೊಕ್ ಅಯೆರ್ ಬೀದಿ. ಈಗ ಸುತ್ತ ಬ್ಯಾಂಕುಗಳ ಎತ್ತರದ ಕಟ್ಟಡಗಳಿವೆ. ಸಮುದ್ರ ತುಂಬಿಸುವ ಮುಂಚೆ ಇದೇ ದಂಡೆ. ಹಡಗಿನಿಂದ ಇಳಿದವರು ಮೊದಲು ಇಲ್ಲಿ ಕಾಲಿಡುತ್ತಿದ್ದರು. ಬದುಕಿ ಬಂದೆವಲ್ಲ ಅಂತ ಸಮುದ್ರದ ದೇವಿ ಮಾಜುಗೆ ಕೈಮುಗಿಯುತ್ತಿದ್ದರು. ಅವಳ ಗುಡಿ ಥಿಯನ್ ಹಾಕ್ ಕೆಂಗ್ 1839ರಿಂದ 1842ರ ನಡುವೆ ಕಟ್ಟಿದ್ದು. ಅದೇ ಬೀದಿಯಲ್ಲಿ ದಕ್ಷಿಣ ಭಾರತದ ಮುಸ್ಲಿಮರು ಕಟ್ಟಿದ ನಾಗೂರ್ ದರ್ಗಾ. ಅವರೂ ಸಮುದ್ರ ದಾಟಿ ಬಂದವರೇ. ಮಾಜುವಿನ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಅಮೆರಿಕದಲ್ಲೂ ಸಿಗುತ್ತಾಳೆ.

ಸಿಂಗಪುರದ ಬಗ್ಗೆ ಒಂದು ತಕರಾರು ಕೇಳಿಬರುತ್ತದೆ: ‘ತುಂಬ ಚೊಕ್ಕ, ಸೆಟ್ ಹಾಕಿದ ಹಾಗಿದೆ.’ ಪಗೋಡ ಸ್ಟ್ರೀಟಿನ ಮಟ್ಟಿಗೆ ಇದು ನಿಜ. ಅಲ್ಲಿಂದ ಬೇಗ ಹೊರಬಂದು ಚೈನಾಟೌನ್ ಕಾಂಪ್ಲೆಕ್ಸ್ ಒಳಗೆ ಹೋಗಿ. ಕೆಳಗೆ ಮೀನು, ಸೊಪ್ಪು, ಒಣ ಅಣಬೆಯ ಮಾರುಕಟ್ಟೆ. ಮೇಲೆ 200ಕ್ಕೂ ಹೆಚ್ಚು ತಿಂಡಿ ಅಂಗಡಿಗಳು. ಬೀದಿಯಲ್ಲಿ ಮಾರುತ್ತಿದ್ದವರನ್ನೇ ಇಲ್ಲಿಗೆ ತಂದು ಕೂರಿಸಿದ್ದು. ಹೊರಗಿನ ಕಟ್ಟೆಯ ಮೇಲೆ ತಾತಂದಿರು ಚೀನೀ ಚದುರಂಗ ಆಡುತ್ತಿರುತ್ತಾರೆ. ನನ್ನ ಸೊಪ್ಪಿನ ಅಳತೆಯಲ್ಲಿ ಇದು ಪಾಸ್. ಪಕ್ಕದ ಸಾಗೊ ಲೇನ್ ಒಂದು ಕಾಲಕ್ಕೆ ಸಾವಿನ ಮನೆಗಳ ಬೀದಿ. ನೋಡಿಕೊಳ್ಳುವವರಿಲ್ಲದ ಕೂಲಿಗಳು ಕೊನೆಯ ದಿನ ಕಳೆಯಲು ಅಲ್ಲಿಗೆ ಬರುತ್ತಿದ್ದರು. ಅಲ್ಲಿ ನಿಂತಾಗ ಮನಸ್ಸು ಭಾರವಾಗುತ್ತದೆ.

ಬ್ಯಾಂಕಾಕಿಗೆ ಬರೋಣ. 1782ರಲ್ಲಿ ಥಾಯ್ ದೊರೆ ಒಂದನೇ ರಾಮ ರಾಜಧಾನಿಯನ್ನು ನದಿಯ ಈ ದಡಕ್ಕೆ ತಂದಾಗ, ಅರಮನೆ ಕಟ್ಟುವ ಜಾಗದಲ್ಲಿದ್ದ ಚೀನೀಯರನ್ನು ಸಾಂಪೆಂಗ್ ಕಡೆಗೆ ಕಳಿಸಿದ. ಒಕ್ಕಲೆಬ್ಬಿಸಿದ ಜನ ಕಟ್ಟಿದ ಪೇಟೆ ಇದು. ನಡುವಿನ ಯಾವರಾತ್ ರಸ್ತೆ ಸುಮಾರು ಒಂದೂವರೆ ಕಿಲೋಮೀಟರ್. ಇಕ್ಕೆಲದಲ್ಲೂ ಕೆಂಪು ಬಣ್ಣದ ಚಿನ್ನದಂಗಡಿಗಳು. ಅಲ್ಲಿನ ಚಿನ್ನದ ಶುದ್ಧತೆ 96.5 ಪರ್ಸೆಂಟ್, ನಮ್ಮ 916ಕ್ಕಿಂತ ಜಾಸ್ತಿ. ತೂಗುವುದು ‘ಬಾತ್’ ಲೆಕ್ಕದಲ್ಲಿ, ಒಂದು ಬಾತ್ ಅಂದರೆ ಸುಮಾರು 15 ಗ್ರಾಂ. ದುಡ್ಡಿನ ಬಾತ್ ಬೇರೆ, ಚಿನ್ನದ ಬಾತ್ ಬೇರೆ. ಇದು ಗೊತ್ತಿಲ್ಲದೆ ಬೆಲೆ ಫಲಕ ನೋಡಿದರೆ ತಲೆ ಕೆಡುತ್ತದೆ.

ಹಗಲಲ್ಲಿ ಸಾಂಪೆಂಗ್ ಓಣಿಗೆ ಹೋಗಿ. ಗುಂಡಿ, ಲೇಸು, ಮಣಿ, ಬಟ್ಟೆ, ಆಟಿಕೆ, ಎಲ್ಲ ಸಗಟು ಲೆಕ್ಕ. ತಳ್ಳುಗಾಡಿಯವನು ಹಿಂದಿನಿಂದ ಕೂಗಿದರೆ ಗೋಡೆಗೆ ಒತ್ತಿ ನಿಲ್ಲಬೇಕು. ಚಿಕ್ಕಪೇಟೆಯಲ್ಲಿ ನಡೆದು ಅಭ್ಯಾಸ ಇದ್ದವರಿಗೆ ಏನೂ ಹೊಸದಲ್ಲ. ಹತ್ತಿರದ ವಾಟ್ ತ್ರೈಮಿತ್ ಎಂಬ ಬೌದ್ಧ ಗುಡಿಯಲ್ಲಿ ಐದೂವರೆ ಟನ್ ತೂಕದ ಚಿನ್ನದ ಬುದ್ಧ ಇದ್ದಾನೆ. ಬಹಳ ಕಾಲ ಅದಕ್ಕೆ ಗಾರೆ ಬಳಿದಿತ್ತು. 1955ರಲ್ಲಿ ಸಾಗಿಸುವಾಗ ಗಾರೆ ಒಡೆಯಿತು, ಒಳಗಿನ ಹೊಳಪು ಆಗ ಕಂಡಿತು.

ಸಂಜೆ ಆರರ ಮೇಲೆ ಯಾವರಾತ್ ಬೇರೆಯೇ ಊರು. ಅಂಗಡಿ ಮುಚ್ಚಿದ ಜಾಗದಲ್ಲಿ ಒಲೆಗಳು ಬರುತ್ತವೆ, ಕುರ್ಚಿಗಳು ರಸ್ತೆಗಿಳಿಯುತ್ತವೆ. ಬೆಂಕಿ, ಹೊಗೆ, ಬೆಳ್ಳುಳ್ಳಿ ವಾಸನೆ, ನಿಯಾನ್ ಬೋರ್ಡುಗಳು. ಸೋಮವಾರ ಮಾತ್ರ ಹೋಗಬೇಡಿ, ಬೀದಿ ತಿಂಡಿಯವರಲ್ಲಿ ತುಂಬ ಜನಕ್ಕೆ ಅವತ್ತು ರಜೆ. ಟ್ಯಾಕ್ಸಿಯೂ ಬೇಡ. 2019ರಲ್ಲಿ ವಾಟ್ ಮಂಗ್‌ಕಾನ್ ಮೆಟ್ರೊ ನಿಲ್ದಾಣ ಬಂದಿದೆ, ಅಲ್ಲಿ ಇಳಿದರೆ ಪೇಟೆಯ ನಡುವೆಯೇ ಇರುತ್ತೀರಿ.

ಮನಿಲಾದ ಬಿನೊಂಡೊ: ಹಿರಿಯಣ್ಣ

ಹಳತನವೇ ಮುಖ್ಯ ಅನ್ನುವವರಿಗೆ ಮನಿಲಾ. ಬಿನೊಂಡೊ ಹುಟ್ಟಿದ್ದು 1594ರಲ್ಲಿ. ಜಗತ್ತಿನ ಅತಿ ಹಳೆಯ ಚೈನಾಟೌನ್ ಅನ್ನುವ ಹೆಸರು ಇದಕ್ಕಿದೆ. ಕ್ರೈಸ್ತರಾದ ಚೀನೀಯರಿಗೆಂದು ಸ್ಪೇನಿನ ಗವರ್ನರ್ ನದಿಯ ಆಚೆ ದಡದಲ್ಲಿ ಕೊಟ್ಟ ಜಾಗ ಇದು. ಫಿಲಿಪೀನ್ಸಿನ ಮೊದಲ ಸಂತ ಲೊರೆಂಜೊ ರುಯಿಜ್ ಇಲ್ಲಿಯವನೇ, ತಂದೆ ಚೀನೀ, ತಾಯಿ ಫಿಲಿಪಿನೊ. 1987ರಲ್ಲಿ ಸಂತ ಪದವಿ ಕೊಟ್ಟರು. ಓಂಗ್‌ಪಿನ್ ಬೀದಿಯ ಹತ್ತಿರ ಒಂದು ಶಿಲುಬೆ ಇದೆ, ಅದರ ಮುಂದೆ ಜನ ಚೀನೀ ಪದ್ಧತಿಯಲ್ಲಿ ಊದುಬತ್ತಿ ಹಚ್ಚುತ್ತಾರೆ. ಮಾಂಸ ತಿನ್ನುವವರಿಗೆ ಈ ಕೇರಿ ಹಬ್ಬ. ಸಸ್ಯಾಹಾರಿಗಳಿಗೆ ಕಷ್ಟ, ನಿಜವಾಗಿಯೂ ಕಷ್ಟ. ಅದಕ್ಕೆಂದೇ ಮನಿಲಾ ಟಿಕೆಟ್ ತೆಗೆಯಿರಿ ಎಂದು ಹೇಳುವುದಿಲ್ಲ. ಬೇರೆ ಕೆಲಸಕ್ಕೆ ಹೋದರೆ ಅರ್ಧ ದಿನ ಎತ್ತಿಡಿ.

ಮಕ್ಕಳ ಮನೆಗೆ ಅಮೆರಿಕಕ್ಕೆ ಹೋದಾಗ

ನಮ್ಮಲ್ಲಿ ಎಷ್ಟೋ ಅಪ್ಪ ಅಮ್ಮಂದಿರು ಮೂರು ತಿಂಗಳು, ಆರು ತಿಂಗಳು ಅಂತ ಮಕ್ಕಳ ಮನೆಗೆ ಹೋಗುತ್ತಾರೆ. ಬೇ ಏರಿಯಾದಲ್ಲಿದ್ದರೆ ಸ್ಯಾನ್ ಫ್ರಾನ್ಸಿಸ್ಕೊ, ನ್ಯೂಜೆರ್ಸಿ ಕಡೆ ಇದ್ದರೆ ನ್ಯೂಯಾರ್ಕ್. ಎರಡೂ ಕಡೆ ಹೋಗುವ ಅವಕಾಶ ಇದ್ದರೆ ಕತೆಗಾಗಿ ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗಿ, ಊಟಕ್ಕಾಗಿ ನ್ಯೂಯಾರ್ಕಿನ ಫ್ಲಶಿಂಗ್‌ಗೆ ಹೋಗಿ.

ಸ್ಯಾನ್ ಫ್ರಾನ್ಸಿಸ್ಕೊಗೆ ಚೀನೀಯರು ಬಂದದ್ದು 1840ರ ದಶಕದ ಕೊನೆಯಲ್ಲಿ, ಚಿನ್ನ ಸಿಕ್ಕಿತೆಂಬ ಸುದ್ದಿ ಕೇಳಿ. ರೈಲು ಹಳಿ ಹಾಕಿದರು, ಬಟ್ಟೆ ಒಗೆದರು. 1882ರಲ್ಲಿ ಅಮೆರಿಕ ಒಂದು ಕಾನೂನು ಮಾಡಿ ಚೀನೀ ಕೆಲಸಗಾರರು ಬರುವುದನ್ನೇ ನಿಲ್ಲಿಸಿತು. 1943ರವರೆಗೆ ಆ ಕಾನೂನು ಇತ್ತು. ಈ ನಡುವೆ, ಇದೇ ಊರಿನಲ್ಲಿ ಹುಟ್ಟಿದ ವಾಂಗ್ ಕಿಮ್ ಆರ್ಕ್ ಎಂಬ ಅಡುಗೆಯವನು ಚೀನಾಕ್ಕೆ ಹೋಗಿ 1895ರಲ್ಲಿ ವಾಪಸ್ ಬಂದಾಗ, ‘ನೀನು ಅಮೆರಿಕದವನಲ್ಲ’ ಅಂತ ಹಡಗಿನಲ್ಲೇ ತಡೆದರು. ಅವನು ಕೋರ್ಟಿಗೆ ಹೋದ. 1898ರಲ್ಲಿ ಸುಪ್ರೀಂ ಕೋರ್ಟ್ ಅವನ ಪರ ತೀರ್ಪು ಕೊಟ್ಟಿತು. ಈ ನೆಲದಲ್ಲಿ ಹುಟ್ಟಿದವನು ಈ ನೆಲದ ಪ್ರಜೆ. ಅಲ್ಲಿ ಹುಟ್ಟಿದ ನಮ್ಮ ಮೊಮ್ಮಕ್ಕಳ ಪಾಸ್‌ಪೋರ್ಟಿನ ಹಿಂದೆ ಆ ಅಡುಗೆಯವನ ಹೋರಾಟ ಇದೆ. ಸಾಕ್ರಮೆಂಟೊ ಸ್ಟ್ರೀಟಿನಲ್ಲಿ ನಡೆಯುವಾಗ ಮೊಮ್ಮಕ್ಕಳಿಗೆ ಇದನ್ನು ಹೇಳಿ. ಅವನು ಹುಟ್ಟಿದ್ದು ಆ ಬೀದಿಯಲ್ಲೇ.

1906ರ ಏಪ್ರಿಲ್ 18ರ ಭೂಕಂಪ, ಆಮೇಲಿನ ಬೆಂಕಿ, ಕೇರಿಯನ್ನು ಪೂರ್ತಿ ಸುಟ್ಟಿತು. ಊರಿನ ದೊಡ್ಡವರಿಗೆ ಇದು ಒಳ್ಳೆ ಸಮಯ ಅನಿಸಿತು. ಚೀನೀಯರನ್ನು ಊರಂಚಿನ ಹಂಟರ್ಸ್ ಪಾಯಿಂಟಿಗೆ ಸಾಗಿಸುವ ಯೋಜನೆ ಹಾಕಿದರು. ಚೀನೀ ವರ್ತಕರು ಜಾಗ ಬಿಡಲಿಲ್ಲ. ಬೇಗ ಬೇಗ ಕಟ್ಟಿದರು, ಬೇಕೆಂದೇ ಪಗೋಡದ ಮಾಡು, ಡ್ರ್ಯಾಗನ್ ಕೆತ್ತನೆ ಹಾಕಿಸಿದರು. ನಕ್ಷೆ ಬರೆದವರು ಚೀನಾ ನೋಡಿರದ ಬಿಳಿಯರು. ನೋಡಲು ಜನ ಬಂದರೆ, ಊರಿಗೆ ಆದಾಯ ಬಂದರೆ, ನಮ್ಮನ್ನು ಎತ್ತಂಗಡಿ ಮಾಡುವುದಿಲ್ಲ ಅನ್ನುವ ಲೆಕ್ಕ. ಲೆಕ್ಕ ಸರಿಯಾಯಿತು. ‘ಚೈನಾಟೌನ್ ಅಂದರೆ ಹೀಗಿರಬೇಕು’ ಅಂತ ನಮ್ಮ ತಲೆಯಲ್ಲಿರುವ ಚಿತ್ರದಲ್ಲಿ ಬಹಳಷ್ಟು ಇಲ್ಲಿಂದಲೇ ಬಂದದ್ದು. ಹಾಗಾಗಿ ಗ್ರ್ಯಾಂಟ್ ಅವೆನ್ಯೂದ ಅಲಂಕಾರ ನೋಡಿ ‘ಇದೆಲ್ಲ ಟೂರಿಸ್ಟರಿಗೆ’ ಅಂತ ಮುಖ ತಿರುಗಿಸಬೇಡಿ. ಆ ಅಲಂಕಾರವೇ ಅವರ ಮನೆ ಉಳಿಸಿತು.

ಗ್ರ್ಯಾಂಟ್ ನೋಡಿ ಆದಮೇಲೆ ಒಂದು ಬೀದಿ ಮೇಲಕ್ಕೆ, ಸ್ಟಾಕ್‌ಟನ್ ಸ್ಟ್ರೀಟಿಗೆ ಹತ್ತಿ. ಸೊಪ್ಪು, ಶುಂಠಿ, ಮೀನು, ಒಣ ಹಣ್ಣು, ತಳ್ಳಾಟ. ಅಮ್ಮ ಅಲ್ಲಿ ಬಸಳೆಯ ಥರದ ಸೊಪ್ಪು ಕಂಡು ಎರಡು ಕಟ್ಟು ತಗೊಂಡರು. ಅಂಗಡಿಯ ಹೆಂಗಸಿಗೂ ಅಮ್ಮನಿಗೂ ಒಂದೂ ಭಾಷೆ ಸಾಮಾನ್ಯ ಇರಲಿಲ್ಲ, ವ್ಯಾಪಾರ ಚೆನ್ನಾಗಿಯೇ ಆಯಿತು. ವೇವರ್ಲಿ ಪ್ಲೇಸಿನಲ್ಲಿ 1852ರಲ್ಲಿ ಶುರುವಾದ ಟಿನ್ ಹೌ ಗುಡಿ ಇದೆ. ಟಿನ್ ಹೌ ಅಂದರೆ ಅದೇ ಮಾಜು. ಸಿಂಗಪುರದಲ್ಲಿ ದಂಡೆಯ ಮೇಲೆ ಕೂತವಳು ಇಲ್ಲಿ ಮೇಲಿನ ಮಹಡಿಯಲ್ಲಿದ್ದಾಳೆ. ಕಡಿದಾದ ಮೆಟ್ಟಿಲು. ಮಂಡಿನೋವಿನವರು ಕೆಳಗಿನಿಂದಲೇ ಕೈಮುಗಿದು, ಪೋರ್ಟ್ಸ್‌ಮತ್ ಸ್ಕ್ವೇರಿನಲ್ಲಿ ಇಸ್ಪೀಟು ಆಡುವ ಹಿರಿಯರ ಪಕ್ಕ ಕೂರಬಹುದು. ಸನಿವೇಲ್, ಸ್ಯಾನ್ ಹೊಸೆ ಕಡೆಯಿಂದ ಬರುವವರಿಗೆ ಕಾರು ಬೇಡ. ಕ್ಯಾಲ್‌ಟ್ರೇನಿನಲ್ಲಿ ಕೊನೆಯ ನಿಲ್ದಾಣ, ಅಲ್ಲಿಂದ ‘ಟಿ’ ಲೈನಿನ ರೈಲು ನೇರ ಚೈನಾಟೌನಿಗೆ.

ನ್ಯೂಯಾರ್ಕಿನಲ್ಲಿ ಚೀನೀ ಕೇರಿಗಳು ಹಲವು. ಮ್ಯಾನ್‌ಹಾಟನ್ನಿನದು ಹಳೆಯದು. ಮಾಟ್ ಸ್ಟ್ರೀಟ್, ಮೊಣಕೈಯಂತೆ ಬಾಗಿದ ಡಾಯರ್ಸ್ ಸ್ಟ್ರೀಟ್, ಬೆಳಿಗ್ಗೆ ವ್ಯಾಯಾಮ ಮಾಡುವವರ ಕೊಲಂಬಸ್ ಪಾರ್ಕ್. ಒಂದು ದಿನದ ಪ್ರವಾಸದಲ್ಲಿ ಬೇರೆ ಜಾಗಗಳ ಜೊತೆ ಸೇರಿಸಿಕೊಳ್ಳಲು ಇದು ಅನುಕೂಲ. ಆದರೆ ಇವತ್ತಿನ ಚೀನೀ ಬದುಕು ನೋಡಬೇಕಾದರೆ ಕ್ವೀನ್ಸಿನ ಫ್ಲಶಿಂಗ್. 7ನೇ ನಂಬರ್ ರೈಲಿನ ಕೊನೆಯ ನಿಲ್ದಾಣ. ಕಮಾನಿಗಾಗಿ ಬಂದವರು ಇಲ್ಲಿ ಕಾಣುವುದಿಲ್ಲ. ಕಾಣುವುದು ಬ್ಯಾಂಕು, ಔಷಧಿ ಅಂಗಡಿ, ಟ್ಯೂಷನ್ ಕ್ಲಾಸು, ನೆಲಮಾಳಿಗೆಯ ಫುಡ್ ಕೋರ್ಟ್. 1970ರ ದಶಕದಲ್ಲಿ ತೈವಾನಿನವರು ಬಂದರು, ಆಮೇಲೆ ಚೀನಾದ ಬೇರೆ ಬೇರೆ ಕಡೆಯವರು. ಹಾಗಾಗಿ ಕೈಯಿಂದ ಎಳೆದ ನೂಡಲ್ಸ್‌ನಿಂದ ಹಿಡಿದು ಸಿಚುವಾನಿನ ಖಾರದವರೆಗೆ ಎಲ್ಲ ಸಿಗುತ್ತದೆ.

ಸ್ವಲ್ಪ ಓದಿ ದಾಟಬಹುದಾದವು

ಮೆಲ್ಬರ್ನಿನ ಲಿಟಲ್ ಬರ್ಕ್ ಸ್ಟ್ರೀಟ್ 1850ರ ದಶಕದಿಂದ ಒಂದೇ ಜಾಗದಲ್ಲಿದೆ. ಅಲ್ಲಿನ ಚೀನೀ ಮ್ಯೂಸಿಯಂ ತಪ್ಪಿಸಬೇಡಿ. 1855ರಲ್ಲಿ ವಿಕ್ಟೋರಿಯಾ ಸರ್ಕಾರ ಪ್ರತಿ ಚೀನೀಯನ ಮೇಲೆ 10 ಪೌಂಡ್ ತಲೆಗಂದಾಯ ಹಾಕಿತು. ಅದನ್ನು ಕೊಡಲಾಗದೆ ಸಾವಿರಾರು ಜನ ಪಕ್ಕದ ವಸಾಹತಿನ ರೋಬ್ ಬಂದರಿನಲ್ಲಿ ಇಳಿದು, 400 ಕಿಲೋಮೀಟರಿಗೂ ಹೆಚ್ಚು ನಡೆದು ಚಿನ್ನದ ಗಣಿಗೆ ಹೋದರು. ಈ ಕತೆ ತಿಳಿದು ಆ ಬೀದಿಯಲ್ಲಿ ನಡೆದರೆ ಬೇರೆ ಥರ ಕಾಣುತ್ತದೆ.

ಯೊಕೊಹಾಮಾದ್ದು ದೊಡ್ಡದು, ಬಣ್ಣದ್ದು, 1859ರಲ್ಲಿ ಬಂದರು ತೆರೆದ ಮೇಲೆ ಬೆಳೆದದ್ದು. ಟೋಕಿಯೊದಿಂದ ಹೋಗಿ ಅದೇ ದಿನ ಬರಬಹುದು. ಲಂಡನ್ನಿನದು ಚಿಕ್ಕದು. ಮೊದಲು ಬಂದರಿನ ಹತ್ತಿರ ಲೈಮ್‌ಹೌಸಿನಲ್ಲಿತ್ತು, ಎರಡನೇ ಮಹಾಯುದ್ಧದ ನಂತರ ಸೊಹೊಕ್ಕೆ ಬಂತು. ನಾಟಕ ನೋಡಲು ಹೋದಾಗ ಗೆರಾರ್ಡ್ ಸ್ಟ್ರೀಟಿನಲ್ಲಿ ಊಟ ಮಾಡಿ ಬನ್ನಿ, ಅಷ್ಟು ಸಾಕು.

ಮಾಂಸ ತಿನ್ನದವರು ಏನು ಮಾಡಬೇಕು?

‘ನೋ ಮೀಟ್’ ಅಂದರೆ ಸಾಲದು. ತರಕಾರಿ ಹುರಿದ ಬಾಣಲೆಯಲ್ಲಿ ಹಂದಿಯ ಕೊಬ್ಬು, ಆಯ್ಸ್ಟರ್ ಸಾಸ್, ಒಣ ಸಿಗಡಿಯ ಪುಡಿ ಇರಬಹುದು. ಅವರ ಲೆಕ್ಕದಲ್ಲಿ ಅದು ಮಾಂಸವಲ್ಲ, ರುಚಿಗೆ ಹಾಕುವುದು. ಅವರನ್ನು ಬೈದು ಪ್ರಯೋಜನವಿಲ್ಲ, ಸರಿಯಾದ ಪದ ಕೇಳಬೇಕು.

ಚೀನೀ ಬೌದ್ಧರಲ್ಲಿ ಕಟ್ಟುನಿಟ್ಟಿನ ಸಸ್ಯಾಹಾರ ಇದೆ. ಅದರಲ್ಲಿ ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ, ನಮ್ಮ ಮಠದ ಊಟದ ಹಾಗೆ. ಅನೇಕರು ಅಮಾವಾಸ್ಯೆ, ಹುಣ್ಣಿಮೆಗೆ ಸಿಗುವ ಅವರ ತಿಂಗಳ 1 ಮತ್ತು 15ನೇ ತಾರೀಖು ಹೀಗೆ ಉಣ್ಣುತ್ತಾರೆ. ಚೀನೀ ಭಾಷೆಯಲ್ಲಿ ಇದಕ್ಕೆ ‘ಸು’, ಕ್ಯಾಂಟನೀಸ್‌ನಲ್ಲಿ ‘ಜಾಯ್’, ಥಾಯ್‌ನಲ್ಲಿ ‘ಜೇ’. ಬ್ಯಾಂಕಾಕಿನಲ್ಲಿ ಹಳದಿ ಬಾವುಟದ ಮೇಲೆ ಕೆಂಪು ಅಕ್ಷರದಲ್ಲಿ ‘ಜೇ’ ಎಂದು ಬರೆದಿರುತ್ತದೆ. ಆ ಬಾವುಟ ಕಂಡಲ್ಲಿ ಧೈರ್ಯವಾಗಿ ತಿನ್ನಿ. ಅವರ ಒಂಬತ್ತನೇ ತಿಂಗಳ ಮೊದಲ ಒಂಬತ್ತು ದಿನ ಯಾವರಾತ್ ತುಂಬ ಜೇ ಅಡುಗೆಯದೇ ಹಬ್ಬ. ಎಷ್ಟೋ ವರ್ಷ ಅದು ನಮ್ಮ ನವರಾತ್ರಿಯ ಜೊತೆಗೇ ಬರುತ್ತದೆ. ಸಸ್ಯಾಹಾರಿಗಳು ಬ್ಯಾಂಕಾಕಿಗೆ ಹೋಗಲು ಅದಕ್ಕಿಂತ ಒಳ್ಳೆ ಸಮಯ ಇಲ್ಲ. ಬೇರೆ ದಿನ ಹೋದರೆ, ಪಕ್ಕದಲ್ಲೇ ಪಹುರತ್ ಅನ್ನುವ ಭಾರತೀಯರ ಬಟ್ಟೆ ಪೇಟೆ, ಅದರೊಳಗೆ ದೊಡ್ಡ ಗುರುದ್ವಾರ ಇದೆ. ಹಸಿವಿನಿಂದ ಯಾರೂ ವಾಪಸ್ ಬರುವುದಿಲ್ಲ.

ಈ ಥರದ ಹೋಟೆಲುಗಳಲ್ಲಿ ಸೋಯಾದಿಂದ ಮಾಡಿದ ‘ಕೋಳಿ’, ‘ಬಾತು’ ಇರುತ್ತದೆ. ನೋಡಲು ಮಾಂಸದ ಹಾಗೇ ಇರುತ್ತದೆ. ಅಮ್ಮನಿಗೆ ಅದನ್ನು ಕಂಡು ಹೊಟ್ಟೆ ತೊಳೆಸಿತು, ಮುಟ್ಟಲಿಲ್ಲ. ದೊಡ್ಡವರಿಗೆ ಮೊದಲೇ ಹೇಳಿಡಿ. ತೋಫು, ಅಣಬೆ, ಸೊಪ್ಪು ತರಿಸಿದರೆ ತೊಂದರೆ ಇಲ್ಲ. ಕೋಲ್ಕತ್ತಾದ ಬೆಳಗಿನ ಸಂತೆಯಲ್ಲಿ ಸಸ್ಯಾಹಾರ ತುಂಬ ಕಮ್ಮಿ. ಅಲ್ಲಿ ನೋಡಿ, ಟೀ ಕುಡಿದು, ತಿಂಡಿಗೆ ಬೇರೆ ಕಡೆ ಹೋಗಿ. ಫ್ಲಶಿಂಗ್‌ನಲ್ಲಿ ಮಾತ್ರ ಚಿಂತೆಯೇ ಬೇಡ. ಬೌನ್ ಸ್ಟ್ರೀಟಿನಲ್ಲಿ 1977ರಿಂದ ಗಣೇಶನ ದೇವಸ್ಥಾನ ಇದೆ, ಅದರ ಕೆಳಗಿನ ಕ್ಯಾಂಟೀನಿನಲ್ಲಿ ದೋಸೆ ಸಿಗುತ್ತದೆ.

ಹೊಸ ವರ್ಷಕ್ಕೆ ಹೋಗಬೇಕಾ?

ಜನವರಿ ಕೊನೆ ಅಥವಾ ಫೆಬ್ರವರಿಯಲ್ಲಿ ಚೀನೀ ಹೊಸ ವರ್ಷ ಬರುತ್ತದೆ. ಸಿಂಗಪುರದಲ್ಲಿ ಹಬ್ಬದ ದಿನವೇ ಹೋದರೆ ನಿರಾಸೆಯಾಗುತ್ತದೆ. ಅವತ್ತು ಎಲ್ಲರೂ ಮನೆಯಲ್ಲಿ, ಅಂಗಡಿಗಳಲ್ಲಿ ಬಹಳಷ್ಟು ಬಾಗಿಲು ಹಾಕಿರುತ್ತವೆ. ಹಬ್ಬದ ಸಂತೆ, ದೀಪ, ಗದ್ದಲ ಎಲ್ಲ ಹಿಂದಿನ ವಾರಗಳಲ್ಲಿ. ಸ್ಯಾನ್ ಫ್ರಾನ್ಸಿಸ್ಕೊದ ದೊಡ್ಡ ಮೆರವಣಿಗೆ ಹಬ್ಬ ಕಳೆದು ಸುಮಾರು ಎರಡು ವಾರಕ್ಕೆ. ಕೋಲ್ಕತ್ತಾದಲ್ಲಿ ಹಬ್ಬದ ದಿನವೇ ಸಿಂಹ ನೃತ್ಯದವರು ಮನೆ ಮನೆಗೆ ಬರುತ್ತಾರೆ, ಡೋಲು ತಾಳದ ಸದ್ದು ಗಲ್ಲಿ ತುಂಬುತ್ತದೆ. ಮೊದಲ ಸಲ ಹೋಗುವವರು ಅದೇ ವಾರ ಕೋಲ್ಕತ್ತಾಗೆ ಟಿಕೆಟ್ ತೆಗೆಯಿರಿ. ಶನಿವಾರ ಸಂಜೆ ಟ್ಯಾಂಗ್ರಾ, ಭಾನುವಾರ ಬೆಳಿಗ್ಗೆ ತಿರೆಟ್ಟಾ. ಹೋಟೆಲನ್ನು ಸೆಂಟ್ರಲ್ ಮೆಟ್ರೊ ನಿಲ್ದಾಣದ ಹತ್ತಿರವೇ ಮಾಡಿ, ನಡೆದೇ ಹೋಗಬಹುದು. ಅಲಾರಂ ಐದಕ್ಕೆ ಇಡಿ.